ಇಲೊಕಾನೊ ಮೊದಲಾ, ಬರ್ಮೀಸ್ ಮೊದಲಾ? ಹಡಗಿನ ಗೆಳೆಯರಿಗೆ ಉತ್ತರ

ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಹಡಗಿನಲ್ಲಿ ಬೋಸನ್ (ಡೆಕ್ಕಿನ ಕೆಲಸಗಾರರ ಮೇಸ್ತ್ರಿ) ಫಿಲಿಪೈನ್ಸ್‌ನ ಇಲೊಕಾನೊ ಮಾತಿನವರು, ಥರ್ಡ್ ಎಂಜಿನಿಯರ್ ಬರ್ಮಾದವರು, ನೀವು ಮಂಗಳೂರಿನವರು. ಎರಡೂ ಆ ಕಡೆಯ ಭಾಷೆಗಳೇ ಅಲ್ವಾ, ಒಂದು ಕಲಿತರೆ ಇನ್ನೊಂದು ಅರ್ಧ ಬಂದಂತೆಯೇ, ಮತ್ತೆ ಹಡಗು ಹತ್ತುವ ಮೊದಲು ಮೂರು ತಿಂಗಳಲ್ಲಿ ಯಾವುದನ್ನು ಹಿಡಿಯಲಿ ಅಂತ ಕೇಳಿದ್ದೀರಿ. ಮೇಲೆ ಒಬ್ಬರು "ಇಲೊಕಾನೊ ಸುಲಭ, ಎಬಿಸಿಡಿಯಲ್ಲೇ ಬರೆಯುತ್ತಾರೆ" ಅಂದಿದ್ದಾರೆ. ಅದಕ್ಕೆ ನನ್ನ ತಕರಾರಿದೆ.

ನಾನು ಕೆಲವು ವರ್ಷ ಸಿಂಗಪುರದಲ್ಲಿದ್ದೆ. ಅಲ್ಲಿ ಭಾನುವಾರ ಬಂದರೆ ಫಿಲಿಪಿನೊಗಳು ಲಕ್ಕಿ ಪ್ಲಾಜಾದಲ್ಲಿ ಸೇರುತ್ತಾರೆ, ಬರ್ಮಾದವರು ಪೆನಿನ್ಸುಲಾ ಪ್ಲಾಜಾದಲ್ಲಿ. ಎರಡೂ ಕಡೆ ತಿಂದು, ಎರಡೂ ಕಡೆ ನಗೆಪಾಟಲಾಗಿ ಕಲಿತ ವಿಷಯ ಇದು.

ಮೊದಲು ನಂಟಿನ ಮಾತು. ಈ ಎರಡಕ್ಕೂ ನಂಟಿಲ್ಲ. ಇಲೊಕಾನೊ ಫಿಲಿಪೈನ್ಸ್‌ನ ಲುಜಾನ್ ದ್ವೀಪದ ಉತ್ತರದ್ದು. ಅದರ ಬಳಗ ಮಡಗಾಸ್ಕರ್‌ನಿಂದ ಹವಾಯಿವರೆಗೆ ಸಮುದ್ರದ ಮೇಲೇ ಹರಡಿದೆ. ಐದಕ್ಕೆ ಇಲೊಕಾನೊದಲ್ಲಿ ಲಿಮಾ, ಮಲಯದಲ್ಲಿ ಲಿಮಾ, ಹವಾಯಿಯಲ್ಲೂ ಲಿಮಾ. ಬರ್ಮೀಸಿನಲ್ಲಿ ಐದಕ್ಕೆ ಙಾ. ಬೈಲಕುಪ್ಪೆ ಕಡೆ ಹೋದರೆ ಟಿಬೆಟನ್ನರನ್ನು ಐದಕ್ಕೆ ಏನಂತೀರಿ ಎಂದು ಕೇಳಿ, ಅವರೂ ಙಾ ಅನ್ನುತ್ತಾರೆ. ಬರ್ಮೀಸಿನ ದಾಯಾದಿಗಳು ಬೆಟ್ಟದ ಕಡೆಯವರು. (ಒಂದನೇ ಕ್ಲಾಸಿನಲ್ಲಿ ಸುಮ್ನೆ ಬಾಯಿಪಾಠ ಮಾಡಿದ ಙ ಅಕ್ಷರಕ್ಕೆ ಕೊನೆಗೂ ಒಂದು ಕೆಲಸ ಸಿಕ್ಕಿತು.)

ಬರ್ಮೀಸ್ ಅಕ್ಷರ ನೋಡಿ ಹೆದರಬೇಡಿ. ಅದೂ ಬ್ರಾಹ್ಮಿಯ ಮನೆತನದ್ದೇ. ವರ್ಣಮಾಲೆ ಕ ಖ ಗ ಘ ಙ ಎಂದೇ ಶುರು, ಕಾಗುಣಿತವೂ ಇದೆ, ಒತ್ತಕ್ಷರವೂ ಇದೆ. ಓಲೆಗರಿಯ ಮೇಲೆ ಉದ್ದ ಗೆರೆ ಎಳೆದರೆ ಗರಿ ಸೀಳುತ್ತದೆ, ಅದಕ್ಕೇ ಗುಂಡಗಾಯಿತು ಅನ್ನುತ್ತಾರೆ. ಬರ್ಮಾದ ಹಳೆಯ ರಾಜಧಾನಿ ಬಗಾನ್ ಹತ್ತಿರದ ಮ್ಯಾಝೆಡಿ ಕಲ್ಲಿನ ಶಾಸನದಲ್ಲಿ 1113ರ ಹೊತ್ತಿಗೇ ಪಾಲಿ, ಮೋನ್, ಪ್ಯೂ ಜೊತೆ ಬರ್ಮೀಸೂ ಇದೆ. ತೊಂದರೆ ಏನೆಂದರೆ, ಬರಹ ಹಳೆಯದಾಗಿಯೇ ಉಳಿದು ಬಾಯಿ ಮುಂದೆ ಹೋಗಿದೆ. ನಮ್ಮ ಚ ಇರುವ ಜಾಗದ ಅಕ್ಷರವನ್ನು ಅವರು ಸ ಅನ್ನುತ್ತಾರೆ. ನಮ್ಮ ಸ ಇರುವ ಕಡೆ, ನಾಲಿಗೆ ತುದಿಯನ್ನು ಹಲ್ಲಿನ ನಡುವೆ ಇಟ್ಟು ಇಂಗ್ಲಿಷಿನ 'ಥಿಂಕ್' ಪದದ ಥ. ರ ಹೆಚ್ಚಿನ ಕಡೆ ಯ ಆಗಿದೆ. ನಮ್ಮ ಅಜ್ಜಂದಿರ ರಂಗೂನ್ ಇವತ್ತು ಯಾಂಗೊನ್ ಆದದ್ದು ಹೀಗೆ, ಬರೆಯುವುದು ಇಂದಿಗೂ ರ ಇಟ್ಟೇ. ಈ ಮೂರು ಬದಲಾವಣೆ ನೆನಪಿದ್ದರೆ ಪಾಲಿಯಿಂದ ಬಂದ ಪದಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ: ಥುಖ ಅಂದರೆ ಸುಖ, ಯಾಝ ಅಂದರೆ ರಾಜ. 'ಮಿಂಗಲಾಬಾ' ಎಂಬ ನಮಸ್ಕಾರದ ಒಳಗೆ ಮಂಗಳ ಕೂತಿದೆ.

ವಾಕ್ಯವಂತೂ ನಮ್ಮದೇ ಜಾಡು. 'ಚನೊ ಥಮಿನ್ ಸಾ ದೆ', ನಾನು ಅನ್ನ ತಿನ್ನುತ್ತೇನೆ. ಪದದಿಂದ ಪದಕ್ಕೆ ಹೊಂದುತ್ತದೆ. ಕ್ರಿಯಾಪದ ಕೊನೆಗೆ, ವಿಭಕ್ತಿಯಂಥ ತುಂಡು ನಾಮಪದ ಆದ ಮೇಲೆ. ಯಾಂಗೊನ್‌ನಲ್ಲಿ ಅನ್ನಲು 'ಯಾಂಗೊನ್ ಮ್ಹಾ'. ಪ್ರಶ್ನೆ ಕೇಳಲು ನಾವು ಕೊನೆಗೆ ಆ ಹಚ್ಚುತ್ತೇವೆ, ಅವರು ಲಾ ಹಚ್ಚುತ್ತಾರೆ. ನಮಗಿಂತ ಸಲೀಸು ಬೇರೆ: ನಾನು, ಅವನು, ಅವರು ಯಾರಾದರೂ 'ಸಾ ದೆ'ಯೇ. ತಿನ್ನುತ್ತೇನೆ, ತಿನ್ನುತ್ತಾನೆ, ತಿನ್ನುತ್ತಾರೆ ಎಂಬ ಗೋಜಿಲ್ಲ. ಒಂದು ಎಚ್ಚರ: 'ಚನೊ' ಗಂಡಸರ 'ನಾನು'. ಹೆಂಗಸರು 'ಚಮ' ಅನ್ನಬೇಕು.

ಹಾಗಾದರೆ ಕಷ್ಟ ಎಲ್ಲಿ? ಕಿವಿಯಲ್ಲಿ. 'ಖಾ' ಎಂದು ತಗ್ಗಿಸಿ ಹೇಳಿದರೆ ಅಲ್ಲಾಡಿಸು. ಏರಿಸಿ ಎಳೆದರೆ ಕಹಿ. ಗಂಟಲು ಬಿಗಿದು ಚಿಕ್ಕದಾಗಿ ಹೇಳಿದರೆ ಶುಲ್ಕ. ತಟ್ಟನೆ ನಿಲ್ಲಿಸಿದರೆ ಇನ್ನೂ ಒಂದು ಪದ. ನನಗೆ ಇದು ಹಿಡಿಯಲು ಒಂದು ವರ್ಷ ಬೇಕಾಯಿತು, ಈಗಲೂ ಪೂರ್ತಿ ಹಿಡಿದಿಲ್ಲ. ಇಲ್ಲಿ ಲಿಪಿಯೇ ಕೈಹಿಡಿಯುತ್ತದೆ. ಆ ಏರುದನಿಯ ಪದಕ್ಕೆ ಕೊನೆಯಲ್ಲಿ ನಮ್ಮ ವಿಸರ್ಗದಂಥ ಎರಡು ಚುಕ್ಕಿ ಹಾಕಿರುತ್ತಾರೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಕಲಿತವರಿಗೆ ಆ ಚುಕ್ಕಿಯ ಲಾಭ ಸಿಗುವುದಿಲ್ಲ. ಆದ್ದರಿಂದ ಮೊದಲ ವಾರವೇ ಲಿಪಿ ಕಲಿಯಿರಿ.

ಇಲೊಕಾನೊದ ಕಥೆ ಉಲ್ಟಾ. ಓದುವುದು ಒಂದು ಸಂಜೆಯ ಕೆಲಸ. ಸ್ಪೇನಿನವರು ಬಿಟ್ಟುಹೋದ ಪದಗಳೂ ಜಾಸ್ತಿ, ಸಾಬೂನಿಗೆ ಸಬೋನ್. ಆದರೆ ಬಾಯಿ ತೆರೆದ ಕೂಡಲೇ ಕ್ರಿಯಾಪದ ಬರಬೇಕು. 'ನಂಗನ್ ನಿ ನಾನಂಗ್', ತಿಂದಳು ಅಮ್ಮ. ಅದನ್ನಾದರೂ ಸಹಿಸಬಹುದು. ನಿಜವಾದ ಬೆಟ್ಟ ಇರುವುದು ಕ್ರಿಯಾಪದದ ಒಳಗೆ. 'ಗತಂಗ್' ಎಂದರೆ ಕೊಳ್ಳುವುದು. ಕೊಂಡವರ ಮೇಲೆ ಗಮನ ಇದ್ದರೆ 'ಗುಮತಂಗ್', ಕೊಂಡ ವಸ್ತುವಿನ ಮೇಲಿದ್ದರೆ 'ಗತಂಗೆನ್', ಯಾರಿಗಾಗಿ ಕೊಂಡಿರೋ ಅವರ ಮೇಲಿದ್ದರೆ 'ಇಗತಂಗನ್'. 'ಉಮ್' ಎಂಬ ತುಂಡು ಪದದ ಹೊಟ್ಟೆಯೊಳಗೇ ನುಗ್ಗಿರುವುದು ಕಂಡಿತಾ? ಕೊಳ್ಳುತ್ತಾ ಇದ್ದಾರೆ ಅನ್ನಲು ಪದದ ಚೂರನ್ನು ಇಮ್ಮಡಿಸಿ 'ಗುಮತ್‌ಗತಂಗ್'. ಕನ್ನಡದಲ್ಲಿ ಇದಕ್ಕೆ ಜೋಡಿ ಇಲ್ಲ, ಹುಡುಕಲೂ ಹೋಗಬೇಡಿ. ನಾನು ಹುಡುಕಿ ಆರು ತಿಂಗಳು ಹಾಳುಮಾಡಿದೆ. ಬೋಸನ್ ಹೇಳುವ ಪೂರ್ತಿ ವಾಕ್ಯಗಳನ್ನೇ ಗಿಳಿಪಾಠ ಮಾಡಿ. ನಿಯಮ ಆಮೇಲೆ ತಾನಾಗಿ ಕಾಣುತ್ತದೆ.

ಒಂದು ಕಡೆ ಮಾತ್ರ ನಿಮಗೆ ನನಗಿಂತ ಲಾಭ ಇದೆ. ಮನೆಯಲ್ಲಿ ತುಳು ಅಂದಿದ್ದೀರಿ. ಕನ್ನಡದ 'ನಾವು' ಒಂದೇ. ನೀವಾದರೆ ಕೇಳುವವರನ್ನು ಸೇರಿಸಿಕೊಂಡು 'ನಮ', ಬಿಟ್ಟು 'ಎಂಕುಳು' ಅನ್ನುತ್ತೀರಿ. ಇಲೊಕಾನೊದಲ್ಲೂ ಹಾಗೇ: ಸೇರಿಸಿದರೆ 'ತಾಯೊ', ಬಿಟ್ಟರೆ 'ಕಮಿ'. ಬರೀ ನಾನು-ನೀನು ಇಬ್ಬರೇ ಆದರೆ ಅದಕ್ಕೊಂದು ಬೇರೆ, 'ತಾ'. ಒಮ್ಮೆ ಡಬ್ಬಿ ಬಿಚ್ಚಿ, ಪಕ್ಕದಲ್ಲಿದ್ದ ಇಲೊಕಾನೊ ಗೆಳೆಯನಿಗೆ ಬಹಳ ಪ್ರೀತಿಯಿಂದ 'ಮಂಗನ್‌ಕಮಿನ್' ಅಂದೆ. ಬನ್ನಿ ಊಟ ಮಾಡೋಣ ಅಂದುಕೊಂಡಿದ್ದೆ. ಹೇಳಿದ್ದು 'ನಾವು ಊಟಕ್ಕೆ ಕೂರುತ್ತಿದ್ದೇವೆ, ನೀನಲ್ಲ'. ಅವನು ಗಂಭೀರವಾಗಿ ತನ್ನ ತಟ್ಟೆ ಎತ್ತಿಕೊಂಡು ಆಚೆ ಮೇಜಿಗೆ ನಡೆದ. ಆಮೇಲೆ ವಾರಗಟ್ಟಲೆ ನಕ್ಕ. ಸರಿಯಾದದ್ದು 'ಮಂಗನ್‌ತಾಯೊನ್'.

ಇಷ್ಟು ದೂರದ ಭಾಷೆಗಳಾದರೂ ಗದ್ದೆಗೆ ಬಂದಾಗ ಮೂವರೂ ಒಂದೇ. ಇಂಗ್ಲಿಷಿನವರು ಎಲ್ಲದಕ್ಕೂ 'ರೈಸ್' ಅಂದು ಕೈತೊಳೆದುಕೊಳ್ಳುತ್ತಾರೆ. ನಮಗೆ ಭತ್ತ, ಅಕ್ಕಿ, ಅನ್ನ. ಇಲೊಕಾನೊಗೆ ಪಾಗಾಯ್, ಬಗಾಸ್, ಇನ್ನಪೊಯ್. ಬರ್ಮೀಸಿಗೆ ಝಬಾ, ಸಾನ್, ಥಮಿನ್. ಈ ಒಂಬತ್ತು ಪದ ಒಂದು ಚೀಟಿಯಲ್ಲಿ ಬರೆದು ಕ್ಯಾಬಿನ್ನಿನ ಗೋಡೆಗೆ ಅಂಟಿಸಿ.

ಇನ್ನೆರಡು ಮಾತು. ಬೋಸನ್ ಜೊತೆ ಟಗಾಲೊಗ್ ಆ್ಯಪ್ ಹಿಡಿದು ಕೂರಬೇಡಿ, ಅದೂ ಫಿಲಿಪೈನ್ಸ್‌ನದ್ದೇ ಆದರೂ ಬೇರೆ ಭಾಷೆ. ಟಗಾಲೊಗ್‌ನಲ್ಲಿ ಥ್ಯಾಂಕ್ಸ್ ಅನ್ನಲು ಸಲಾಮತ್, ಇಲೊಕಾನೊದಲ್ಲಿ ಅಗ್ಯಮನಕ್. ಓದುವ ಹಂತ ಬಂದಾಗ 1934ರಲ್ಲಿ ಶುರುವಾದ 'ಬನ್ನವಗ್' ಎಂಬ ಇಲೊಕಾನೊ ಪತ್ರಿಕೆ ಹುಡುಕಿ. ಬರ್ಮೀಸ್ ಹಳೆಯ ಪೋಸ್ಟ್‌ಗಳು ಕಲಸುಮೇಲೋಗರವಾಗಿ ಕಂಡರೆ ನಿಮ್ಮ ಫೋನ್ ಕೆಟ್ಟಿಲ್ಲ. ನಮ್ಮಲ್ಲಿ ಹಳೆಯ ನುಡಿ ಫೈಲು ಯೂನಿಕೋಡಿನಲ್ಲಿ ತೆರೆದಾಗ ಆಗುವ ಅವಾಂತರವೇ ಅದು. ಅಲ್ಲಿ ಝೊಜಿ ಎಂಬ ಫಾಂಟ್ ಇತ್ತು, 2019ರಲ್ಲಿ ಸರ್ಕಾರವೇ ಯೂನಿಕೋಡಿಗೆ ಬದಲಾಯಿತು.

ಮೂರೇ ತಿಂಗಳು ಇದೆ ಅಂದಿರಿ. ನಾನಾದರೆ ಬರ್ಮೀಸ್ ಹಿಡಿಯುತ್ತೇನೆ. ಲಿಪಿಗೆ ಎರಡು ವಾರ, ಉಳಿದದ್ದೆಲ್ಲ ದಿನಾ ಅರ್ಧ ಗಂಟೆ ಕೇಳುವುದಕ್ಕೆ. ವಾಕ್ಯ ಕಟ್ಟುವ ಕಷ್ಟ ಇಲ್ಲದ ಕಾರಣ ತಲೆ ಪೂರ್ತಿ ದನಿಯ ಕಡೆ ಇಡಬಹುದು. ಇಲೊಕಾನೊ ಹಡಗು ಹತ್ತಿದ ಮೇಲೆ, ಬೋಸನ್ ಬಾಯಿಂದಲೇ ಕಲಿಯಿರಿ. ಮೊದಲ ದಿನಕ್ಕೆ ಎರಡೂ ಭಾಷೆಯಲ್ಲಿ ಒಂದೇ ವಾಕ್ಯ ಸಾಕು, ನಮ್ಮ 'ಊಟ ಆಯ್ತಾ?'. ಥರ್ಡ್ ಎಂಜಿನಿಯರಿಗೆ 'ಥಮಿನ್ ಸಾ ಪೀ ಬೀ ಲಾ?'. ಬೋಸನ್‌ಗೆ 'ನಂಗನ್‌ಕನ್?'. ಅವರು ಏನು ಉತ್ತರ ಕೊಟ್ಟರು ಅಂತ ಇಲ್ಲಿ ಬಂದು ಬರೆಯಿರಿ.