ಈ ವಯಸ್ಸಲ್ಲಿ ಓಬಿಜಿ ಬೇಡ ಅಂತಾರೆ, ಏನು ಮಾಡಲಿ?

ಪ್ರಶ್ನೆ: ಮೇಡಂ, ನನಗೆ 41 ವರ್ಷ. ಹಾಸನ ಜಿಲ್ಲೆಯವಳು. ತಾಲ್ಲೂಕು ಆಸ್ಪತ್ರೆಯ ಲೇಬರ್ ವಾರ್ಡಿನಲ್ಲಿ ಹನ್ನೊಂದು ವರ್ಷ ಗುತ್ತಿಗೆ ಸ್ಟಾಫ್ ನರ್ಸ್ ಆಗಿದ್ದೆ. ಆಮೇಲೆ ನೀಟ್ ಬರೆದೆ. ಸರ್ಕಾರಿ ಸೀಟು ಸಿಕ್ಕಿತು, ಎಂಬಿಬಿಎಸ್ ಮುಗಿಸಿ ಈಗ ಇಂಟರ್ನ್ ಆಗಿದ್ದೇನೆ. ಓಬಿಜಿಯಲ್ಲಿ, ಅಂದರೆ ಹೆರಿಗೆ ಮತ್ತು ಸ್ತ್ರೀರೋಗ ವಿಭಾಗದಲ್ಲಿ, ಪಿಜಿ (ಸ್ನಾತಕೋತ್ತರ ಓದು) ಮಾಡುವ ಆಸೆ. ನಮ್ಮ ಪ್ರೊಫೆಸರ್ ಒಬ್ಬರು 'ಈ ವಯಸ್ಸಲ್ಲಿ ನಿದ್ದೆಗೆಡೋದು ಯಾಕಮ್ಮ, ಸ್ಕಿನ್ನೋ ಪೆಥಾಲಜಿಯೋ ತಗೋ' ಅಂದರು. ಯಜಮಾನರು 'ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಸೇರಿಕೋ, ಸಾಕು' ಅನ್ನುತ್ತಾರೆ. ಮಗಳು ಎಸ್ಸೆಸ್ಸೆಲ್ಸಿ. ನನಗೆ ಆಗಾಗ ಬೆನ್ನುನೋವು ಬೇರೆ. ನರ್ಸ್ ಆಗಿದ್ದಾಗ ಒಂದು ರಾತ್ರಿ ಹೆರಿಗೆ ಆದವಳಿಗೆ ರಕ್ತ ನಿಲ್ಲಲಿಲ್ಲ. ಡಾಕ್ಟರ್ ಬರುವ ತನಕ ಗರ್ಭಕೋಶ ಉಜ್ಜುತ್ತಾ ನಿಂತಿದ್ದೆ. ಮುಂದೇನು ಮಾಡಬೇಕು ಅಂತ ನಾನೇ ಹೇಳುವಂತಿದ್ದರೆ ಅಂತ ಅವತ್ತು ಅನ್ನಿಸಿದ್ದೇ ನನ್ನನ್ನು ಇಲ್ಲಿಗೆ ತಂದಿದ್ದು. ಈಗ ಹಿಂಜರಿಕೆ. ಏನು ಮಾಡಲಿ?

ಉತ್ತರ: ಮೊದಲು ಆ ಸ್ಕಿನ್ ವಿಷಯ ಮುಗಿಸಿಬಿಡೋಣ. ಸ್ಕಿನ್ ಮತ್ತು ರೇಡಿಯಾಲಜಿ ಸೀಟುಗಳು ಪಿಜಿ ಕೌನ್ಸೆಲಿಂಗ್‌ನಲ್ಲಿ ಮೊದಲು ಖಾಲಿ ಆಗುವಂಥವು. ಇಪ್ಪತ್ತೈದರ ಹುಡುಗರು ವರ್ಷಗಟ್ಟಲೆ ಮನೆಯಲ್ಲಿ ಕೂತು ಓದಿ ಹಿಡಿಯುವ ಸೀಟುಗಳು ಅವು. 'ವಯಸ್ಸಾಗಿದೆ, ಆರಾಮಾಗಿ ಸ್ಕಿನ್ ತಗೋ' ಅನ್ನುವವರು ರ‍್ಯಾಂಕ್ ಪಟ್ಟಿ ನೋಡಿ ಬಹಳ ಕಾಲ ಆಗಿರಬೇಕು. ಪೆಥಾಲಜಿ, ಅಂದರೆ ಲ್ಯಾಬಿನಲ್ಲಿ ಕೂತು ರೋಗ ಪತ್ತೆ ಮಾಡುವ ಕೆಲಸ, ಸಿಗಬಹುದು. ಒಳ್ಳೆಯ ಬ್ರಾಂಚ್, ನಾನು ಅದನ್ನು ಕೀಳು ಮಾಡುತ್ತಿಲ್ಲ. ಆದರೆ ಮೈಕ್ರೋಸ್ಕೋಪ್ ಬಗ್ಗೆ, ಸ್ಲೈಡ್ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಮಾತೂ ಇಲ್ಲ.

ಇನ್ನು ವಯಸ್ಸು. ನೀವು ಎಂಬಿಬಿಎಸ್ ಸೇರಿದ ಕಾಲಕ್ಕೆ ನೀಟ್‌ಗೆ 25 ವರ್ಷದ ಮಿತಿ ಇರಬೇಕೋ ಬೇಡವೋ ಅನ್ನುವುದು ಇನ್ನೂ ಕೋರ್ಟಿನಲ್ಲಿತ್ತು, ಅಲ್ವಾ? 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಆ ಮಿತಿಯನ್ನೇ ತೆಗೆಯಿತು. ಅಂಥ ತೂಗುಯ್ಯಾಲೆಯಲ್ಲಿ ಪರೀಕ್ಷೆ ಬರೆದವರು ನೀವು. ನೀಟ್ ಪಿಜಿಗಂತೂ ಗರಿಷ್ಠ ವಯಸ್ಸೇ ಇಲ್ಲ. ಮುಂದಿನ ವರ್ಷ ಸೀಟು ಸಿಕ್ಕಿದರೆ ಮೂರು ವರ್ಷದ ಎಂಎಸ್ (ಓಬಿಜಿಯ ಪಿಜಿ ಪದವಿ) ಮುಗಿಯುವಾಗ ನಿಮಗೆ 45. ರಾಜ್ಯ ಸರ್ಕಾರಿ ಸೇವೆಯಲ್ಲಿ ನಿವೃತ್ತಿ 60ಕ್ಕೆ. ಖಾಸಗಿಯಲ್ಲಿ ಕೈ ನಡುಗುವವರೆಗೂ ಕೆಲಸ ಇದೆ. ಮೂರು ವರ್ಷದ ಕಷ್ಟಕ್ಕೆ ಹದಿನೈದು ಇಪ್ಪತ್ತು ವರ್ಷದ ದುಡಿಮೆ. ನನ್ನ ಲೆಕ್ಕದಲ್ಲಿ ಇದು ನಷ್ಟದ ವ್ಯವಹಾರ ಅಲ್ಲ.

ಆದರೆ ನಿಮ್ಮನ್ನು ಒಂದು ಪ್ರಶ್ನೆ ಕೇಳಲೇಬೇಕು. ಅದನ್ನು ನಿಮ್ಮ ಸುತ್ತ ಇರುವ ಯಾರೂ ಕೇಳಿದ ಹಾಗಿಲ್ಲ. ನಿಮಗೆ ಇಷ್ಟ ಇರುವುದು ಲೇಬರ್ ವಾರ್ಡಿನ ನರ್ಸ್ ಕೆಲಸವೋ, ಡಾಕ್ಟರ್ ಕೆಲಸವೋ? ಎರಡೂ ಒಂದೇ ಕೋಣೆಯಲ್ಲಿ ನಡೆಯುತ್ತವೆ, ಆದರೆ ಒಂದೇ ಕೆಲಸ ಅಲ್ಲ. ನೋವು ಶುರುವಾದಾಗಿನಿಂದ ಮಗು ಅಳುವ ತನಕ ಆ ಹೆಂಗಸಿನ ಪಕ್ಕ ಇರುವವಳು ನರ್ಸ್. ಬೆನ್ನು ನೀವುವುದು, ಗದರುವುದು, ಕಾಫಿ ಕುಡಿಸುವುದು, ಮಗುವಿನ ಎದೆಬಡಿತ ಕೇಳಿ ಬರೆದಿಡುವುದು ಎಲ್ಲ ಅವಳೇ. ಡಾಕ್ಟರ್ ಬರುವುದು ತೀರ್ಮಾನಕ್ಕೆ. ಇನ್ನೊಂದು ಗಂಟೆ ಕಾಯೋಣವೋ, ಈಗಲೇ ಸಿಸೇರಿಯನ್ ಮಾಡೋಣವೋ? ರಕ್ತ ಇಲ್ಲೇ ಹೊಂದಿಸುವುದೋ, ಜಿಲ್ಲಾಸ್ಪತ್ರೆಗೆ ಕಳಿಸುವುದೋ? ಕಳಿಸಿದರೆ ದಾರಿಯಲ್ಲಿ ಏನಾಗಬಹುದು? ಆಮೇಲೆ ಹೊರಗೆ ನಿಂತ ಇಪ್ಪತ್ತು ಜನಕ್ಕೆ ಉತ್ತರ ಹೇಳಬೇಕು. ಒಂದು ತಾಯಿಯ ಸಾವಾದರೆ ಆಡಿಟ್ ಸಭೆಯಲ್ಲಿ ಕೂತು ಪ್ರತಿ ನಿಮಿಷದ ಲೆಕ್ಕ ಕೊಡಬೇಕು. ಹೆರಿಗೆ ಇಷ್ಟ ಅಂತ ಈ ಬ್ರಾಂಚಿಗೆ ಬಂದು, ಈ ತೀರ್ಮಾನದ ಭಾರ ತಾಳಲಾರದೆ ಎರಡನೇ ವರ್ಷಕ್ಕೆ ಬಾಡಿಹೋದವರನ್ನು ನೋಡಿದ್ದೇನೆ. ಅವರೆಲ್ಲ ನಿಮಗಿಂತ ಚಿಕ್ಕವರೇ.

ನಿಮ್ಮ ಪತ್ರದ ಆ ರಾತ್ರಿಯ ಸಾಲು ನೋಡಿದರೆ ನಿಮ್ಮನ್ನು ಎಳೆಯುತ್ತಿರುವುದು ಈ ತೀರ್ಮಾನದ ಕೆಲಸವೇ ಅನ್ನಿಸುತ್ತದೆ. 'ನಾನೇ ಹೇಳುವಂತಿದ್ದರೆ' ಅಂತ ಬರೆದಿದ್ದೀರಿ. ಹಾಗಾಗಿ ನನ್ನ ಮಾತು ಓಬಿಜಿ ಕಡೆಗೇ. ಆದರೂ ಪರೀಕ್ಷೆ ಮಾಡಿ ನೋಡಿ. ಇಂಟರ್ನ್‌ಶಿಪ್‌ನಲ್ಲಿ ಓಬಿಜಿ ಪೋಸ್ಟಿಂಗ್ ವಾರಗಟ್ಟಲೆ ಇರುತ್ತದೆ. ಅಲ್ಲಿ ಹೆರಿಗೆ ಮಾಡಿಸುವುದಕ್ಕೆ ಮುನ್ನುಗ್ಗಬೇಡಿ, ಅದು ನಿಮಗೆ ಬರುತ್ತದೆ. ಡ್ಯೂಟಿಯಲ್ಲಿರುವ ಪಿಜಿ ವಿದ್ಯಾರ್ಥಿಯ ಹಿಂದೆ ನಿಲ್ಲಿ. ಪ್ರತಿ ಕೇಸಿಗೂ ಅವರು ಹೇಳುವ ಮುಂಚೆ ನಿಮ್ಮ ತೀರ್ಮಾನವನ್ನು ಮನಸ್ಸಿನಲ್ಲಿ ಹೇಳಿಕೊಳ್ಳಿ. ಅದರಲ್ಲಿ ಹುರುಪು ಬಂದರೆ ಸರಿ. ಸುಮ್ನೆ ಸುಸ್ತು ಅನ್ನಿಸಿದರೆ, ಅಥವಾ ಮನಸ್ಸು ಎಎನ್‌ಸಿ ಕ್ಲಿನಿಕ್ಕಿನ (ಬಸುರಿಯರ ತಪಾಸಣೆಯ) ಮಾತುಕತೆಯ ಕಡೆಗೇ ಹೋದರೆ ಫ್ಯಾಮಿಲಿ ಮೆಡಿಸಿನ್ ನೋಡಿ. ಅದಕ್ಕೆ ಡಿಎನ್‌ಬಿ (ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಪಿಜಿ) ಮೂರು ವರ್ಷ, ಡಿಪ್ಲೊಮಾ ಎರಡು ವರ್ಷ. ಬಿಪಿ, ಶುಗರ್, ಬಸುರಿ, ಬಾಣಂತಿ, ಮಗು, ಅತ್ತೆ ಎಲ್ಲರೂ ಒಂದೇ ಕೋಣೆಗೆ ಬರುತ್ತಾರೆ. ರಾತ್ರಿ ನಿದ್ದೆಯೂ ಸಿಗುತ್ತದೆ. ಯಾಕೋ ನಮ್ಮಲ್ಲಿ ಅದಕ್ಕೆ ಇನ್ನೂ ಬೆಲೆ ಬಂದಿಲ್ಲ.

ಬೆನ್ನುನೋವಿನ ಬಗ್ಗೆ ಜಾಸ್ತಿ ಹೆದರಬೇಡಿ. ಸಿಸೇರಿಯನ್ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಮುಗಿಯುವ ಆಪರೇಷನ್. ನಿಜವಾಗಿ ಹಿಂಡುವುದು ರಾತ್ರಿ. ಮೊದಲ ವರ್ಷದ ಪಿಜಿಗೆ 24 ಗಂಟೆ, ಕೆಲವು ಕಡೆ 36 ಗಂಟೆ ಎಡೆಬಿಡದ ಡ್ಯೂಟಿ ಇನ್ನೂ ಇದೆ. ನಿಯಮದಲ್ಲಿ ಏನೇ ಬರೆದಿರಲಿ. ಸೇರುವ ಮುಂಚೆ ಹಿಮೋಗ್ಲೋಬಿನ್, ಥೈರಾಯಿಡ್ ನೋಡಿಸಿಕೊಳ್ಳಿ. ಬೇರೆಯವರ ರಕ್ತಹೀನತೆ ಹುಡುಕುವ ನಾವು ನಮ್ಮದನ್ನು ನೋಡುವುದೇ ಇಲ್ಲ.

ಇನ್ನೊಂದು ಕಷ್ಟವಿದೆ, ಅದನ್ನು ನೀವು ಬರೆದಿಲ್ಲ. ನಿಮ್ಮ ಸೀನಿಯರ್‌ಗೆ 28 ಇರುತ್ತದೆ. ನೀವು ನೂರಾರು ಸಲ ಮಾಡಿದ ಕೆಲಸವನ್ನು 'ನಾನು ಹೇಳಿದಷ್ಟು ಮಾಡಿ' ಅಂತ ಅವಳು ಹೇಳುತ್ತಾಳೆ. ಮಾಡಬೇಕು. ಇನ್ನೊಂದು ಕಡೆ ರೋಗಿಯ ಮನೆಯವರು ನಿಮ್ಮ ಮುಖ ನೋಡಿ ನೀವೇ ದೊಡ್ಡ ಡಾಕ್ಟರ್ ಅಂದುಕೊಂಡು ಆ ಹುಡುಗಿಯನ್ನು ಬಿಟ್ಟು ನಿಮ್ಮನ್ನೇ ಕೇಳುತ್ತಾರೆ. ಆಗ 'ಮೇಡಂ ಅವರು, ಅವರನ್ನೇ ಕೇಳಿ' ಅಂತ ಎಲ್ಲರ ಎದುರು ತೋರಿಸಿಬಿಡಿ. ಹೀಗೆ ನಾಲ್ಕು ಸಲ ಮಾಡಿದರೆ ಆ ಹುಡುಗಿಯೇ ನಿಮಗೆ ಆಪರೇಷನ್ ಕಲಿಸುತ್ತಾಳೆ. ಸಿಸ್ಟರ್‌ಗಳ ವಿಷಯ ನಿಮಗೆ ಹೇಳಬೇಕಿಲ್ಲ. ನಿಮ್ಮನ್ನು ಕಂಡರೆ ಕೆಲವರಿಗೆ ಹೆಮ್ಮೆ, ಕೆಲವರಿಗೆ ಉರಿ.

ಈಗ ಮನೆ. ಯಜಮಾನರ ಹತ್ತಿರ ಬ್ರಾಂಚ್ ಬಗ್ಗೆ ವಾದ ಮಾಡಬೇಡಿ. ಐದೂವರೆ ವರ್ಷ ಮನೆ ನಡೆಸಿ ಅವರೂ ದಣಿದಿರುತ್ತಾರೆ, ಅವರು 'ಸಾಕು' ಅನ್ನುತ್ತಿರುವುದು ಅದಕ್ಕೂ ಇರಬಹುದು. ರಾತ್ರಿ ಲೆಕ್ಕ ಮತ್ತು ದುಡ್ಡಿನ ಲೆಕ್ಕ ಮುಂದಿಡಿ. ಪಿಜಿಯಲ್ಲಿ ಸ್ಟೈಪೆಂಡ್ ಬರುತ್ತದೆ. ಆದರೆ ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿಗೆ ಸಾಲ ಮಾಡುವುದಿಲ್ಲ ಅಂತ ಇವತ್ತೇ ಹೇಳಿಬಿಡಿ. ಮುಂದಿನ ವರ್ಷ ಸೀಟು ಸಿಕ್ಕಿದರೆ ನಿಮ್ಮ ಮೊದಲ ವರ್ಷ ಮುಗಿಯುವುದೂ ಮಗಳ ಸೆಕೆಂಡ್ ಪಿಯು ಶುರುವಾಗುವುದೂ ಹತ್ತಿರ ಹತ್ತಿರ ಬೀಳುತ್ತವೆ. ಅವಳಿಗೆ ರಾತ್ರಿ ಊಟಕ್ಕೆ ಯಾರು, ಹುಷಾರಿಲ್ಲದಿದ್ದರೆ ಯಾರು? ನಿಮ್ಮ ಅಮ್ಮನೋ ನಾದಿನಿಯೋ ಬಂದಿರುತ್ತಾರಾ? ಇದಕ್ಕೆ ಹೆಸರು ಸಮೇತ ಉತ್ತರ ಬೇಕು.

ಪರೀಕ್ಷೆ ವಿಷಯದಲ್ಲಿ ನಾನು ಸ್ವಲ್ಪ ಖಡಕ್. ನೀಟ್ ಪಿಜಿಯಲ್ಲಿ 200 ಪ್ರಶ್ನೆ, ಹತ್ತೊಂಬತ್ತು ವಿಷಯ. ನಿಮ್ಮ ಹನ್ನೊಂದು ವರ್ಷದ ಅನುಭವಕ್ಕೆ ಅಲ್ಲಿ ಅಂಕ ಇಲ್ಲ. ಹೆಚ್ಚೆಂದರೆ ಎರಡು ಸಲ ಬರೆಯಿರಿ. ಕೆಲಸ ಮಾಡದೆ ಮನೆಯಲ್ಲಿ ಕೂತು ವರ್ಷ ಕಳೆಯುವುದು ಹುಡುಗರಿಗೆ ಸರಿ, ನಿಮಗೆ ದುಬಾರಿ. ಎಂಬಿಬಿಎಸ್ ಮುಗಿದ ಮೇಲಿನ ಒಂದು ವರ್ಷದ ಕಡ್ಡಾಯ ಸರ್ಕಾರಿ ಸೇವೆ ನಿಮಗೆ ಅನ್ವಯಿಸುತ್ತದಾ ಅಂತ ಈಗಲೇ ಕಾಲೇಜು ಆಫೀಸಿನಲ್ಲಿ ಕೇಳಿ. ಆ ಕಾನೂನು ಈಚೆಗೆ ಬದಲಾಗಿದೆ, ಖಾಲಿ ಹುದ್ದೆ ನೋಡಿ ಕರೆಯುತ್ತಾರೆ.

ಎರಡು ಸಲವೂ ರ‍್ಯಾಂಕ್ ಬರದಿದ್ದರೆ? ಯಜಮಾನರು ಹೇಳಿದ ಪಿಎಚ್‌ಸಿ ಆಗ ಸೋಲೇನಲ್ಲ. ಸರ್ಕಾರಿ ಸೇವೆಯ ಎಂಬಿಬಿಎಸ್ ವೈದ್ಯರಿಗೆ ತುರ್ತು ಹೆರಿಗೆ ಚಿಕಿತ್ಸೆಯ ತರಬೇತಿ ಇದೆ, ಅದರಲ್ಲಿ ಸಿಸೇರಿಯನ್ನೂ ಕಲಿಸುತ್ತಾರೆ. ಆದರೆ ಕಾಯಂ ಹುದ್ದೆಗೆ ವಯಸ್ಸಿನ ಮಿತಿ ಇರುತ್ತದೆ, ಅಧಿಸೂಚನೆಯನ್ನು ಕಣ್ಣಿಟ್ಟು ಓದಿ. ಇನ್-ಸರ್ವಿಸ್ ಕೋಟಾ (ಸರ್ಕಾರಿ ಸೇವೆಯಲ್ಲಿರುವ ವೈದ್ಯರಿಗೆ ಮೀಸಲಾದ ಪಿಜಿ ಸೀಟು) ಅಂತ ಯಾರಾದರೂ ಆಸೆ ಹುಟ್ಟಿಸಿದರೆ ನಂಬಿ ಕೂರಬೇಡಿ. ಅದಕ್ಕೆ ಮೊದಲು ಸೇವೆಯಲ್ಲಿ ವರ್ಷಗಳು ಕಳೆಯಬೇಕು.

ಪಿಜಿ ಆದ ಮೇಲೆ ಒಬ್ಬರೇ ನರ್ಸಿಂಗ್ ಹೋಂ ತೆರೆಯುವ ಯೋಚನೆ ಇದ್ದರೆ ಬಿಟ್ಟುಬಿಡಿ. ಐವತ್ತೈದರಲ್ಲಿ ರಾತ್ರಿ ಎರಡಕ್ಕೆ ಬರುವ ಪ್ರತಿ ಫೋನೂ ನಿಮ್ಮದೇ ಆಗುತ್ತದೆ. ಪಾಳಿ ಹಂಚಿಕೊಳ್ಳಲು ಇನ್ನಿಬ್ಬರು ಇರುವ ಆಸ್ಪತ್ರೆ ಹುಡುಕಿ. ಅರಿವಳಿಕೆ ತಜ್ಞರು, ಮಕ್ಕಳ ಡಾಕ್ಟರ್, ರಕ್ತ ಸಂಗ್ರಹ ಇಲ್ಲದ ಕಡೆ ಎಂಥ ಓಬಿಜಿ ತಜ್ಞೆಯ ಕೈಯೂ ಕಟ್ಟಿಹಾಕಿದಂತೆ. ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಕೌನ್ಸೆಲಿಂಗ್‌ನಲ್ಲಿ ಆಯ್ಕೆ ತುಂಬುವಾಗ ಮನೆಯಿಂದ ಬಸ್ಸಿನಲ್ಲಿ ಎರಡು ಮೂರು ಗಂಟೆಯೊಳಗಿನ ಓಬಿಜಿ ಸೀಟುಗಳನ್ನು ಮೊದಲು ಹಾಕಿ. ಎಂಎಸ್, ಡಿಎನ್‌ಬಿ, ಎರಡು ವರ್ಷದ ಡಿಪ್ಲೊಮಾ ಮೂರೂ ಇರಲಿ. ಅದರ ಕೆಳಗೆ ಫ್ಯಾಮಿಲಿ ಮೆಡಿಸಿನ್. ಅಲ್ಲಿಗೆ ನಿಲ್ಲಿಸಿ. ಖಾಲಿ ಜಾಗ ಇದೆ ಅಂತ ಪೆಥಾಲಜಿ ತುಂಬಬೇಡಿ. ಸಿಕ್ಕಿದ ಸೀಟು ಬಿಟ್ಟರೆ ದಂಡ ಕಟ್ಟಬೇಕಾಗಬಹುದು.