ಬಾಯಾರಿದವರಿಗೆ ನೀರು ಕೊಡಬಾರದೆಂದಾಗ: ಒಂದು ಆಪ್ತಸಲಹೆ ಪ್ರಕರಣ

ಸೋಮವಾರಪೇಟೆ ಕಡೆಯ ಕಾಫಿ ಬೆಳೆಗಾರ ಕುಟುಂಬವೊಂದರ ಹಿರಿಯ ಮಹಿಳೆ ತಮ್ಮ ಸೊಸೆಯೊಡನೆ ನನ್ನಲ್ಲಿಗೆ ಬಂದಿದ್ದರು. ಗುರುತು ಸಿಗದಂತೆ ವಿವರಗಳನ್ನು ಬದಲಾಯಿಸಿದ್ದೇನೆ. ಅವರ ಪತಿಗೆ ಪಾರ್ಶ್ವವಾಯು ಬಡಿದು, ಕೈಕಾಲು ಮತ್ತು ಮಾತು ತಕ್ಕಮಟ್ಟಿಗೆ ಮರಳಿದ್ದರೂ ನುಂಗುವುದು ಸರಿಹೋಗಿರಲಿಲ್ಲ. ಮೂಗಿನ ಮೂಲಕ ಆಹಾರ ಕೊಡುವ ನಳಿಕೆ ತೆಗೆದ ಮೇಲೆ, ನೀರು, ಕಾಫಿ, ಸಾರು ಯಾವುದನ್ನೂ ತೆಳುವಾಗಿ ಕೊಡಬಾರದೆಂದು ಮಾತಿನ ಜೊತೆಗೆ ನುಂಗುವ ತೊಂದರೆಯನ್ನೂ ನೋಡುವ ವಾಕ್ ಚಿಕಿತ್ಸಕರು ಹೇಳಿ ಕಳುಹಿಸಿದ್ದರು. ನೋಡಲು ಬಂದ ನೆಂಟರು "ಬಾಯಾರಿದವರಿಗೆ ಒಂದು ಗುಟುಕು ನೀರಿಗೂ ಗತಿಯಿಲ್ಲವೇ" ಎಂದು ಆಡಿದ ಮಾತು ಪತ್ನಿಯ ಮನಸ್ಸಿಗೆ ನಾಟಿ, ಅವರು ರಾತ್ರಿ ಸೊಸೆಗೆ ತಿಳಿಯದಂತೆ ಚಮಚದಲ್ಲಿ ನೀರು ಕುಡಿಸತೊಡಗಿದರು. ಕೆಲವೇ ದಿನಗಳಲ್ಲಿ ಪತಿ ನ್ಯುಮೋನಿಯಾದಿಂದ ಮತ್ತೆ ಆಸ್ಪತ್ರೆ ಸೇರಿದರು.

"ಒಂದು ಸಲವೂ ನೆತ್ತಿಗೆ ಹತ್ತಲಿಲ್ಲ ಮೇಡಂ, ಕೆಮ್ಮಲೂ ಇಲ್ಲ" ಎಂದು ಆಕೆ ಅತ್ತರು.

ಇಲ್ಲಿ ಸಮಾಧಾನಕ್ಕಿಂತ ಮೊದಲು ವಿವರಣೆ ಬೇಕಿತ್ತು. ನುಂಗುವ ಕ್ಷಣದಲ್ಲಿ ಧ್ವನಿಪೆಟ್ಟಿಗೆ ಮೇಲಕ್ಕೆದ್ದು ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳುತ್ತದೆ. ಮಿದುಳಿಗೆ ಪೆಟ್ಟಾದಾಗ ಈ ಚಲನೆ ತಡವಾಗುವುದರಿಂದ, ಬೇಗ ಹರಿಯುವ ನೀರು ಅಷ್ಟರೊಳಗೆ ಶ್ವಾಸಕೋಶದ ದಾರಿ ಹಿಡಿಯಬಹುದು. ಗಂಟಲಿನ ಸಂವೇದನೆ ಕುಗ್ಗಿದವರಿಗೆ ಆಗ ಕೆಮ್ಮೇ ಬಾರದಿರಬಹುದು. ನುಂಗಿದ ಬಳಿಕ ದನಿ ಗೊರಗೊರ ಎನ್ನುವುದು, ಊಟದ ನಂತರ ಉಸಿರು ಏರುವುದು, ಜ್ವರ ಮರುಕಳಿಸುವುದು, ಇವನ್ನೇ ಗಮನಿಸಬೇಕೆಂದು ಹೇಳಿದೆ. ಬಾಯಿಯ ಕೊಳೆ ಬೆರೆತ ಜೊಲ್ಲು ಒಳಗಿಳಿದರೂ ನ್ಯುಮೋನಿಯಾ ಬರಬಲ್ಲದು. ಹಾಗಾಗಿ ಎಲ್ಲವನ್ನೂ ಆ ಚಮಚದ ಮೇಲೆ ಹೊರಿಸಿಕೊಳ್ಳಬಾರದೆಂದೂ, ಪ್ರತಿ ಊಟದ ನಂತರ ಪತಿಯ ಬಾಯಿ, ವಿಶೇಷವಾಗಿ ಬಲಹೀನವಾದ ಕೆನ್ನೆಯೊಳಗೆ ಉಳಿದ ಅಗುಳನ್ನು, ಸ್ವಚ್ಛಗೊಳಿಸುವ ಹೊಣೆ ತಾವೇ ವಹಿಸಿಕೊಳ್ಳಬೇಕೆಂದೂ ಆಕೆಗೆ ತಿಳಿಸಿದೆ. ಏನಾದರೂ ಮಾಡಲೇಬೇಕೆಂಬ ಆಕೆಯ ತಳಮಳಕ್ಕೆ ಇದಕ್ಕಿಂತ ಉಪಯುಕ್ತವಾದ ಕೆಲಸ ನನಗೆ ಕಾಣಲಿಲ್ಲ.

ಸೊಸೆಯ ಕಷ್ಟ ಬೇರೆ. ಅಕ್ಕಿಹಿಟ್ಟು ಕುದಿಸಿ ದಪ್ಪ ಮಾಡಿದ ಬೆಲ್ಲದ ಕಾಫಿ ಅರ್ಧ ಲೋಟ ಮುಗಿಯುವಷ್ಟರಲ್ಲಿ ನೀರಾಗುತ್ತಿತ್ತು. ಬಾಯಿಗಿಟ್ಟ ಚಮಚವನ್ನು ಮತ್ತೆ ಲೋಟಕ್ಕೆ ಅದ್ದಿದಾಗ ಜೊಲ್ಲು ಸೇರಿ ಪಿಷ್ಟವನ್ನು ಕರಗಿಸುತ್ತದೆ. ತಿನ್ನಬಹುದಾದ ಗೋಂದಿನ ಆಧಾರದ, ದಪ್ಪಗೊಳಿಸುವ ಪುಡಿಗೆ ಈ ದೋಷವಿಲ್ಲ; ಯಾವ ಪುಡಿ, ಎಷ್ಟು ಎಂಬುದನ್ನು ಚಿಕಿತ್ಸಕರಿಂದ ಬರೆಸಿಕೊಳ್ಳಲು, ನಿಗದಿತ 10 ಮಿ.ಲೀ. ಸಿರಿಂಜ್‌ನಿಂದ 10 ಸೆಕೆಂಡು ಹರಿಯಬಿಟ್ಟು ಉಳಿದದ್ದನ್ನು ಅಳೆದು ದಪ್ಪ ಸರಿಯಿದೆಯೇ ಎಂದು ನೋಡುವ ಪರೀಕ್ಷೆಯನ್ನು ಕಲಿಯಲು ಸೂಚಿಸಿದೆ. ಅಕ್ಕಿರೊಟ್ಟಿ, ಕಡುಬು ಗಂಟಲಿಗೆ ಅಂಟುತ್ತವೆ. ಅಗುಳು ಬೇರೆ, ತಿಳಿ ಬೇರೆಯಾಗಿ ನಿಂತ ಗಂಜಿ ಇನ್ನೂ ಕಷ್ಟ, ಅದನ್ನು ನುಣ್ಣಗೆ ರುಬ್ಬಬೇಕು.

ಇಷ್ಟೆಲ್ಲ ಚರ್ಚೆಯಲ್ಲಿ ರೋಗಿಯನ್ನು ಯಾರೂ ಕೇಳಿರಲಿಲ್ಲ. ಮುಂದಿನ ಭೇಟಿಗೆ ಬಂದ ಅವರು, ಬೆಳಗಿನ ಕಾಫಿ ತಮ್ಮ ಕೈಯಲ್ಲೇ ಕುಡಿಯಬೇಕೆಂದು ತಡವರಿಸುತ್ತಲೇ ಹೇಳಿದರು. ನೆಟ್ಟಗೆ ಕುಳಿತು, ಟಿವಿ ಆರಿಸಿ, ಸಣ್ಣ ಗುಟುಕುಗಳಲ್ಲಿ ದಪ್ಪ ಕಾಫಿಯನ್ನು ತಾವೇ ಕುಡಿದು, ಬಳಿಕ ಅರ್ಧ ಗಂಟೆ ಮಲಗದಿರಲು ಒಪ್ಪಿದರು. ಗದ್ದ ತಗ್ಗಿಸಿ ನುಂಗುವ ಉಪಾಯ ಕೆಲವರಿಗೆ ಮಾತ್ರ ಹೊಂದುವುದರಿಂದ, ವಿಡಿಯೋ ನೋಡಿ ಅದನ್ನು ಆರಂಭಿಸಬಾರದೆಂದು ಎಚ್ಚರಿಸಿದೆ.

ಈ ನಿರ್ಬಂಧ ಆಜೀವವೆಂದು ಭಾವಿಸಬೇಕಿಲ್ಲ. ಅನೇಕರಲ್ಲಿ ಮೊದಲ ಕೆಲವು ವಾರಗಳಲ್ಲೇ ನುಂಗುವಿಕೆ ಸುಧಾರಿಸುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮರುಪರೀಕ್ಷೆ ಕೇಳಿಕೊಂಡು, ಬಾಯಿ ಸ್ವಚ್ಛಗೊಳಿಸಿದ ಮೇಲೆ ಸ್ವಲ್ಪ ಬರಿ ನೀರು ಕೊಡಬಹುದೇ ಎಂದು ಅಲ್ಲಿಯೇ ವಿಚಾರಿಸಲು ತಿಳಿಸಿದೆ. ಅಲ್ಲಿಯವರೆಗೆ ನೆಂಟರಿಗೆ ಉತ್ತರ ಹೇಳುವ ಕೆಲಸವನ್ನು ಮಗ ವಹಿಸಿಕೊಂಡರು.