ಸಂಪಾದಕರ ಉತ್ತರ: ಸರ್ಕಾರದ ಸಾಲ ಓದಿ ಏನು ಮಾಡುತ್ತಾಳೆ?

ಮಾನ್ವಿ ಹತ್ತಿರದ ಹಳ್ಳಿಯೊಂದರಿಂದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ, ಹಾಗೇ ಆಗಲಿ. ಅವರ ಮಗಳು ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿದ್ದಾಳೆ. ಪಿಎಚ್.ಡಿ. ಮಾಡುತ್ತೇನೆ ಎನ್ನುತ್ತಿದ್ದಾಳೆ. ಅವಳು ಆರಿಸಿಕೊಂಡ ವಿಷಯ ಸರ್ಕಾರದ ಸಾಲ ಮತ್ತು ಆ ಸಾಲಕ್ಕೆ ಮಾರುಕಟ್ಟೆ ಕಟ್ಟುವ ಬೆಲೆ. ಪತ್ರದ ಮುಖ್ಯ ಭಾಗ ಹೀಗಿದೆ:

“ನಾನು ಹತ್ತಿ, ಭತ್ತ ಬೆಳೆಯುವವನು. ಸಾಲ ಅಂದ್ರೆ ಏನು ಅಂತ ನನಗೆ ಯಾರೂ ಕಲಿಸಬೇಕಾಗಿಲ್ಲ. ಅದನ್ನು ಓದುವುದಕ್ಕೆ ಇನ್ನೂ ಐದು ವರ್ಷ ಬೇಕಾ? ಸಂಬಂಧಿಕರು ನಗುತ್ತಾರೆ. ಇದನ್ನೇ ಓದಿಕೊಂಡು ಯಾರಾದರೂ ಜೀವನ ಕಳೆದಿದ್ದಾರಾ? ಕಳೆದಿದ್ದರೆ ನಮ್ಮಂಥವರಿಗೆ ಅದರಿಂದ ಏನಾದರೂ ಆಯಿತಾ? ಅವಳಿಗೆ ನಾನು ಏನು ಹೇಳಲಿ?”

ಸೋದರರೇ, ನಿಮ್ಮ ಪತ್ರ ಎರಡು ದಿನ ನನ್ನ ಮೇಜಿನ ಮೇಲೇ ಇತ್ತು. ನಾಲ್ಕು ಸಾಲು ಬರೆದು ಮುಗಿಸುವ ಮನಸ್ಸಾಗಲಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಅವಳನ್ನು ಓದಲು ಕಳಿಸಿ. ಯಾಕೆ ಅಂತ ಈಗ ಹೇಳುತ್ತೇನೆ, ಸ್ವಲ್ಪ ಉದ್ದವಾದೀತು.

ನಿಮ್ಮ ಹತ್ತಿಯಿಂದಲೇ ಶುರು ಮಾಡೋಣ. ರಾಯಚೂರಿನ ಎಪಿಎಂಸಿಗೆ ನೀವು ಎಷ್ಟೋ ಸಲ ಮಾಲು ತಂದಿರುತ್ತೀರಿ. ಖರೀದಿದಾರ ಅಂಡಿಗೆಯೊಳಗೆ ಮೊಣಕೈವರೆಗೆ ಕೈ ಇಳಿಸುತ್ತಾನೆ. ಮೇಲಿನದನ್ನು ಬಿಟ್ಟು ಒಳಗಿನಿಂದ ಒಂದು ಹಿಡಿ ಕಿತ್ತು ತೆಗೆಯುತ್ತಾನೆ. ಎರಡೂ ಹೆಬ್ಬೆರಳ ನಡುವೆ ಹಿಡಿದು ಮೆಲ್ಲಗೆ ಎಳೆಯುತ್ತಾನೆ. ಎಳೆ ಎಷ್ಟು ಉದ್ದ ಬಂತು, ಎಲ್ಲಿ ತುಂಡಾಯಿತು ಅಂತ ಬೆಳಕಿಗೆ ಹಿಡಿದು ನೋಡುತ್ತಾನೆ. ಮುಷ್ಟಿಯಲ್ಲಿ ಅದುಮಿ ತೇವ ನೋಡುತ್ತಾನೆ. ಆಮೇಲೆ ಒಂದು ದರ ಹಾಕುತ್ತಾನೆ. ಆ ಒಂದು ಅಂಕಿಯೊಳಗೆ ನಿಮ್ಮ ಹೊಲಕ್ಕೆ ಬಿದ್ದ ಮಳೆ ಇದೆ, ದೂರದ ಮಿಲ್ಲಿನವನ ಬೇಡಿಕೆ ಇದೆ, ಮುಂದಿನ ತಿಂಗಳು ಏನಾಗಬಹುದು ಎಂಬ ಅವನ ಅಂದಾಜೂ ಇದೆ.

ಸರ್ಕಾರದ ಸಾಲವೂ ಹೀಗೇ ಹರಾಜಿಗೆ ಬರುತ್ತದೆ. ರಾಜ್ಯಗಳ ಸಾಲಪತ್ರಕ್ಕೆ, ಅಂದ್ರೆ ಬಾಂಡಿಗೆ, ಸಾಮಾನ್ಯವಾಗಿ ಮಂಗಳವಾರ. ನಡೆಸುವುದು ರಿಸರ್ವ್ ಬ್ಯಾಂಕ್. ‘ಹತ್ತು ವರ್ಷದ ಮಟ್ಟಿಗೆ ಇಷ್ಟು ಸಾವಿರ ಕೋಟಿ ಬೇಕು’ ಎಂದು ಸರ್ಕಾರ ಹೇಳುತ್ತದೆ. ಬ್ಯಾಂಕುಗಳು, ವಿಮಾ ಕಂಪನಿಗಳು, ಭವಿಷ್ಯನಿಧಿಗಳು ‘ಇಷ್ಟು ಬಡ್ಡಿ ಸಿಕ್ಕರೆ ಇಷ್ಟು ಕೊಡುತ್ತೇವೆ’ ಎಂದು ಟೆಂಡರ್ ಹಾಕುತ್ತವೆ. ಕಡಿಮೆ ಬಡ್ಡಿ ಕೇಳಿದವರಿಂದ ಹಿಡಿದು, ಬೇಕಾದಷ್ಟು ದುಡ್ಡು ಸೇರುವ ತನಕ ಹೋಗಿ, ಅಲ್ಲಿ ಗೆರೆ ಎಳೆಯುತ್ತಾರೆ. ನೀವು ಕಟ್ಟುವ ಎಲ್‌ಐಸಿ ಕಂತಿನಲ್ಲೂ ಒಂದು ಪಾಲು ಇಂಥ ಪತ್ರಗಳಿಗೇ ಹೋಗುತ್ತದೆ.

ಆದರೆ ಇಲ್ಲಿ ಕೈ ಇಳಿಸಿ ನೋಡುವುದಕ್ಕೆ ಅಂಡಿಗೆ ಇಲ್ಲ. ಇರುವುದು ‘ಕೊಡುತ್ತೇನೆ’ ಎಂಬ ಒಂದು ಮಾತು. ಹತ್ತು ವರ್ಷದ ನಂತರದ ಮಾತು. ಅಷ್ಟರಲ್ಲಿ ಎರಡು ಚುನಾವಣೆ ಆಗಿರುತ್ತದೆ, ಬರ ಬಂದು ಹೋಗಿರುತ್ತದೆ, ರೂಪಾಯಿಯ ಬೆಲೆ ಇಳಿದಿರುತ್ತದೆ. ಇಂಥ ಮಾತಿಗೆ ಜನ ಯಾವ ಲೆಕ್ಕದಲ್ಲಿ ದರ ಕಟ್ಟುತ್ತಾರೆ? ನಿಮ್ಮ ಮಗಳು ಬಿಡಿಸಿ ನೋಡಬೇಕು ಅಂತಿರುವುದು ಇದನ್ನೇ.

ಒಂದು ಲೆಕ್ಕ ಹಾಕೋಣ. ಸರ್ಕಾರದ 100 ರೂಪಾಯಿಯ ಪತ್ರ ಇದೆ. ಇನ್ನೊಂದು ವರ್ಷಕ್ಕೆ ಅಸಲು 100, ಬಡ್ಡಿ 7, ಒಟ್ಟು 107 ಬರುತ್ತದೆ. ನೀವು 100ಕ್ಕೇ ಕೊಂಡರೆ ನಿಮಗೆ ಸಿಕ್ಕಿದ್ದು ಶೇ. 7. ಈ ಪತ್ರವನ್ನು ಮಧ್ಯದಲ್ಲೇ ಬೇರೆಯವರಿಗೆ ಮಾರಬಹುದು. ಕೊಂಡವರಿಗೆ ಅನುಮಾನ ಬಂತು, ಮಾರಲು ಹೋದರು, ಪತ್ರದ ಬೆಲೆ 98ಕ್ಕೆ ಇಳಿಯಿತು ಅನ್ನಿ. ಈಗ ಕೊಂಡವನಿಗೆ 98 ಹಾಕಿ 107 ಬರುತ್ತದೆ, ಶೇ. 9ಕ್ಕಿಂತ ಜಾಸ್ತಿ. ಪತ್ರದ ಬೆಲೆ ಇಳಿದರೆ ಬಡ್ಡಿ ಏರುತ್ತದೆ. ಮುಂದಿನ ಸಲ ಸರ್ಕಾರ ಹೊಸ ಸಾಲಕ್ಕೆ ಹೋದಾಗ ಯಾರೂ ಶೇ. 7ಕ್ಕೆ ಕೊಡುವುದಿಲ್ಲ. ಸರ್ಕಾರಕ್ಕೇ ಶೇ. 9 ಆದರೆ ಟ್ರ್ಯಾಕ್ಟರ್ ಸಾಲಕ್ಕೆ ಹೋದ ನಿಮಗೆ ಎಷ್ಟು ಹೇಳುತ್ತಾರೆ?

ಈ ಅರ್ಧ, ಒಂದು ಪರ್ಸೆಂಟಿನಲ್ಲಿ ಏನಿದೆ ಅನ್ನಿಸಬಹುದು. ಸಾವಿರ ಕೋಟಿ ಸಾಲದ ಮೇಲೆ ಅರ್ಧ ಪರ್ಸೆಂಟ್ ಅಂದ್ರೆ ವರ್ಷಕ್ಕೆ 5 ಕೋಟಿ, ಹತ್ತು ವರ್ಷಕ್ಕೆ 50 ಕೋಟಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ನೀವೂ ನಿದ್ದೆ ಮಾಡಿರಲಿಕ್ಕಿಲ್ಲ. ಎಡದಂಡೆ ಕಾಲುವೆಯ ಕೊನೆಯ ಭಾಗದವರಿಗೆ ನೀರು ತಲುಪುವುದೇ ಕಷ್ಟ ಎನ್ನುವುದು ಮಾನ್ವಿಯವರಿಗೆ ನಾನು ಹೇಳಬೇಕಾದ ಮಾತಲ್ಲ. 50 ಕೋಟಿ ಬಡ್ಡಿಗೆ ಹೋಗುತ್ತದೋ ಕಾಲುವೆಗೆ ಹೋಗುತ್ತದೋ ಎನ್ನುವುದು ಆ ಮಂಗಳವಾರದ ಹರಾಜಿನಲ್ಲಿ ಸ್ವಲ್ಪ ಮಟ್ಟಿಗೆ ತೀರ್ಮಾನ ಆಗಿರುತ್ತದೆ.

ಇದನ್ನೇ ಓದಿಕೊಂಡು ಜೀವನ ಕಳೆದವರು ಇದ್ದಾರಾ ಅಂತ ಕೇಳಿದ್ದೀರಿ. ಇದ್ದಾರೆ. ಸಿ. ರಂಗರಾಜನ್ ಅವರನ್ನು ತಗೊಳ್ಳಿ. ಮೂಲತಃ ಮೇಷ್ಟ್ರು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡಿ ಬಂದು ಅಹಮದಾಬಾದಿನ ಐಐಎಂನಲ್ಲಿ ಪಾಠ ಹೇಳುತ್ತಿದ್ದರು. 1982ರಲ್ಲಿ ರಿಸರ್ವ್ ಬ್ಯಾಂಕಿಗೆ ಡೆಪ್ಯುಟಿ ಗವರ್ನರ್ ಆಗಿ ಬಂದರು. ಆಗ ನಮ್ಮಲ್ಲಿ ಸರ್ಕಾರದ ಸಾಲಕ್ಕೆ ನಿಜವಾದ ಮಾರುಕಟ್ಟೆಯೇ ಇರಲಿಲ್ಲ. ಕೇಂದ್ರಕ್ಕೆ ದುಡ್ಡು ಕಡಿಮೆ ಬಿದ್ದರೆ ‘ಅಡ್‌ಹಾಕ್ ಟ್ರೆಷರಿ ಬಿಲ್’ ಎಂಬ ಚೀಟಿ ಬರೆದು ರಿಸರ್ವ್ ಬ್ಯಾಂಕಿಗೆ ಕೊಡುತ್ತಿತ್ತು, ದುಡ್ಡು ಬರುತ್ತಿತ್ತು. 1974ರಿಂದ ಅದರ ಬಡ್ಡಿ ಶೇ. 4.6ಕ್ಕೆ ಕಟ್ಟಿಹಾಕಿದ್ದರು. ಬೆಲೆ ಏರಿದರೂ ಇಳಿದರೂ 4.6. ಬ್ಯಾಂಕುಗಳು ತಮ್ಮ ಠೇವಣಿಯಲ್ಲಿ ದೊಡ್ಡ ಪಾಲನ್ನು ಹೆಚ್ಚಾಗಿ ಸರ್ಕಾರಿ ಪತ್ರಗಳಲ್ಲಿ ಇಡಬೇಕಿತ್ತು. 1990ರ ಹೊತ್ತಿಗೆ ಆ ಪಾಲು ಶೇ. 38.5. ಸರ್ಕಾರಕ್ಕೆ ಅಗ್ಗದಲ್ಲಿ ಸಿಕ್ಕ ದುಡ್ಡಿನ ಭಾರವನ್ನು ಇನ್ಯಾರೋ ಹೊರುತ್ತಿದ್ದರು. ಅಂಗಡಿಯಲ್ಲಿ ಏರಿದ ಬೇಳೆ ಬೆಲೆಯಲ್ಲಿ ನೀವು ಹೊತ್ತಿರಿ, ನಿಮ್ಮ ತಂದೆಯೂ ಹೊತ್ತರು.

1989ರಲ್ಲಿ ರಂಗರಾಜನ್ ಇಬ್ಬರು ಸಹೋದ್ಯೋಗಿಗಳ ಜೊತೆ ಒಂದು ಪ್ರಬಂಧ ಬರೆದರು. ಕೊರತೆ ಸಾಲವನ್ನು, ಸಾಲದ ಬಡ್ಡಿ ಮತ್ತೆ ಕೊರತೆಯನ್ನು ಹೇಗೆ ಬೆಳೆಸುತ್ತದೆ ಎಂಬ ಲೆಕ್ಕ ಅದು. ಇದರ ಬೇರು ಎವ್ಸಿ ಡೊಮಾರ್ ಎಂಬ ಅರ್ಥಶಾಸ್ತ್ರಜ್ಞ 1944ರಲ್ಲಿ ಹೇಳಿದ ಮಾತಿನಲ್ಲಿದೆ. ರಾಜ್ಯದ ಆದಾಯ 400, ಸಾಲ 100, ಬಡ್ಡಿಯನ್ನೂ ಸಾಲ ಮಾಡಿಯೇ ಕಟ್ಟುತ್ತೀರಿ ಅನ್ನಿ. ಬಡ್ಡಿ ಶೇ. 7, ಆದಾಯ ಶೇ. 10 ಬೆಳೆದರೆ, ವರ್ಷದ ಕೊನೆಗೆ 440ಕ್ಕೆ 107. ಹೊರೆ ಇಳಿಯಿತು. ಆದಾಯ ಶೇ. 5 ಮಾತ್ರ ಬೆಳೆದರೆ 420ಕ್ಕೆ 107. ಹೊರೆ ಏರಿತು. ಬೆಳೆ ಬಡ್ಡಿಯನ್ನು ಮೀರಬೇಕು ಅಂತ ನಮ್ಮ ಅಜ್ಜಂದಿರು ಹೇಳುತ್ತಿದ್ದದ್ದು ಇದೇ ಅಲ್ವಾ?

ಎರಡೇ ವರ್ಷದಲ್ಲಿ, 1991ರಲ್ಲಿ, ದೇಶದ ಬಳಿ ವಿದೇಶಿ ಹಣ ಖಾಲಿಯಾಗಿ ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನವನ್ನು ಹೊರದೇಶದಲ್ಲಿ ಅಡವಿಡಬೇಕಾಯಿತು. 1992ರಲ್ಲಿ ಸರ್ಕಾರಿ ಸಾಲಪತ್ರಗಳ ಹರಾಜು ಶುರುವಾಯಿತು. ಅದೇ ವರ್ಷದ ಕೊನೆಗೆ ರಂಗರಾಜನ್ ಗವರ್ನರ್ ಆದರು. 1994ರಲ್ಲಿ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡರು, 1997ರ ಏಪ್ರಿಲ್‌ನಿಂದ ಆ ಚೀಟಿ ಪದ್ಧತಿ ನಿಂತೇಹೋಯಿತು. ಕಾಗದದ ಮೇಲೆ ಹಾಕಿದ ಲೆಕ್ಕ ದೇಶದ ವ್ಯವಸ್ಥೆಯಾಗಿ ಬದಲಾಗಲು ಇಷ್ಟು ವರ್ಷ ಹಿಡಿಯಿತು. ನನ್ನ ಮಟ್ಟಿಗೆ ಅದು ಸಾರ್ಥಕವಾದ ವೃತ್ತಿ.

ಈಗ ನಮ್ಮ ನೆಲದ ವಿಷಯಕ್ಕೆ ಬರುತ್ತೇನೆ. ಸರ್ಕಾರದ ಸಾಲ ಎಲ್ಲೋ ಮುಂಬೈ, ದೆಹಲಿಯ ಮಾತು ಅಂತ ನಿಮಗನ್ನಿಸಿದೆ. ಬಳ್ಳಾರಿ, ರಾಯಚೂರಿನಷ್ಟು ಅದರ ಪೆಟ್ಟು ತಿಂದ ಊರು ಕರ್ನಾಟಕದಲ್ಲಿ ಕಡಿಮೆ. 1800ರಲ್ಲಿ ಹೈದರಾಬಾದಿನ ನಿಜಾಮ ತನ್ನ ರಕ್ಷಣೆಗೆ ಇದ್ದ ಈಸ್ಟ್ ಇಂಡಿಯಾ ಕಂಪನಿ ಸೈನ್ಯದ ಖರ್ಚಿಗೆ ಅಂತ ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟ. ‘ದತ್ತ ಮಂಡಲ’ ಎಂಬ ಹೆಸರು ಬಂದದ್ದು ಅಲ್ಲಿಂದಲೇ. ಬಳ್ಳಾರಿಯವರನ್ನು ಯಾರೂ ಕೇಳಲಿಲ್ಲ.

ಆಮೇಲೆ ನಮ್ಮ ಸರದಿ. ಹೈದರಾಬಾದ್ ಕಂಟಿಂಜೆಂಟ್ ಎಂಬ ಇನ್ನೊಂದು ಸೈನ್ಯ ಇತ್ತು. ಸಂಬಳ ನಿಜಾಮ ಕೊಡಬೇಕು, ಅಧಿಕಾರಿಗಳು ಇಂಗ್ಲಿಷರು. ಸಂಬಳ ಬಾಕಿ ಬಿತ್ತು, ಕಂಪನಿ ಕೈಯಿಂದ ಹಾಕಿತು, ಅದು ಸಾಲವಾಗಿ ಬೆಳೆಯಿತು. 1853ರಲ್ಲಿ ಡಾಲ್‌ಹೌಸಿ ಗವರ್ನರ್ ಜನರಲ್ ಆಗಿದ್ದಾಗ ಒಪ್ಪಂದ ಆಯಿತು. ಈಗ ಮಹಾರಾಷ್ಟ್ರದಲ್ಲಿರುವ ಬೇರಾರ್, ಧಾರಾಶಿವ ಮತ್ತು ನಮ್ಮ ರಾಯಚೂರು ದೋಆಬ್ ಬ್ರಿಟಿಷರ ಆಡಳಿತಕ್ಕೆ ಹೋದವು. ಕೃಷ್ಣೆ, ತುಂಗಭದ್ರೆ ನಡುವಿನ ಇಡೀ ನೆಲ, ನಿಮ್ಮ ಹೊಲ ಇರುವ ನೆಲ, ಸಾಲಕ್ಕೆ ಅಡವು ಬಿತ್ತು. 1860ರಲ್ಲಿ ಮತ್ತೊಂದು ಒಪ್ಪಂದ ಆಗಿ 50 ಲಕ್ಷ ರೂಪಾಯಿ ಸಾಲ ಮನ್ನಾ ಆಯಿತು, ರಾಯಚೂರು ವಾಪಸು ಬಂತು. ಬೇರಾರ್ ಬರಲಿಲ್ಲ.

ಈ ಕಾಗದಗಳನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಆ ಸಾಲಕ್ಕೆ ಬಹಿರಂಗವಾದ ಬೆಲೆ ಇರಲಿಲ್ಲ. ಸಾಲ ಕೊಟ್ಟವನೇ ಲೆಕ್ಕ ಬರೆದ, ಸೈನ್ಯವೂ ಅವನ ಕೈಯಲ್ಲೇ ಇತ್ತು. ಇದು ಹೆಚ್ಚಾಯಿತು, ಈ ಬಡ್ಡಿ ನ್ಯಾಯವಲ್ಲ ಎಂದು ಅಂಕಿ ಇಟ್ಟು ಹೇಳುವವರು ದರ್ಬಾರಿನಲ್ಲಿ ಇರಲಿಲ್ಲ. ಕೊನೆಗೆ ಬೆಲೆಯಾಗಿ ಹೋದದ್ದು ಊರುಗಳು. ಅದಕ್ಕೇ ಇಂಥ ಲೆಕ್ಕ ಬಲ್ಲ ಒಬ್ಬ ಹೆಣ್ಣುಮಗಳು ಮಾನ್ವಿಯಿಂದ ಹೊರಡುತ್ತಾಳೆ ಎಂದರೆ ನನಗೆ ಅದು ಸಣ್ಣ ವಿಷಯ ಅನ್ನಿಸುವುದಿಲ್ಲ.

ದೊಡ್ಡವರು ಹೇಳಿದ ಮೇಲೆ ಚಿಕ್ಕವರಿಗೆ ಏನು ಉಳಿದಿದೆ ಅಂತಲೂ ಪತ್ರದಲ್ಲಿ ಕೇಳಿದ್ದೀರಿ. ಒಂದು ನಡೆದ ಸಂಗತಿ ಹೇಳುತ್ತೇನೆ. ಹಾರ್ವರ್ಡ್‌ನ ಕಾರ್ಮೆನ್ ರೈನ್‌ಹಾರ್ಟ್, ಕೆನೆತ್ ರೋಗಾಫ್ ಸಾಲದ ಇತಿಹಾಸದಲ್ಲಿ ದೊಡ್ಡ ಹೆಸರು. ಎಂಟು ಶತಮಾನದ ಸಾಲದ ದಾಖಲೆಗಳನ್ನು ಹುಡುಕಿ ಸೇರಿಸಿದವರು. ದೇಶದ ಸಾಲ ಆದಾಯದ ಶೇ. 90 ದಾಟಿದರೆ ಬೆಳವಣಿಗೆ ಬಿದ್ದುಹೋಗುತ್ತದೆ ಎಂದು 2010ರಲ್ಲಿ ಬರೆದರು. ಹಲವು ದೇಶಗಳ ನಾಯಕರು ಖರ್ಚು ಕಡಿತಕ್ಕೆ ಅದನ್ನೇ ಆಧಾರ ಮಾಡಿಕೊಂಡರು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಥಾಮಸ್ ಹರ್ಂಡನ್ ಎಂಬ ವಿದ್ಯಾರ್ಥಿಗೆ ತರಗತಿಯಲ್ಲಿ ಒಂದು ಪ್ರಬಂಧದ ಲೆಕ್ಕವನ್ನು ಮತ್ತೆ ಮಾಡಿ ತೋರಿಸುವ ಹೋಂವರ್ಕ್ ಇತ್ತು. ಅವನು ಇದನ್ನೇ ಆರಿಸಿಕೊಂಡ. ಎಷ್ಟು ಸಲ ಮಾಡಿದರೂ ಅವರ ಉತ್ತರ ಬರಲಿಲ್ಲ. ಕೇಳಿದ, ಅವರು ಎಕ್ಸೆಲ್ ಹಾಳೆ ಕಳಿಸಿಕೊಟ್ಟರು. ನೋಡಿದರೆ ಸರಾಸರಿ ತೆಗೆಯುವಾಗ ಐದು ದೇಶಗಳ ಸಾಲು ಬಿಟ್ಟೇಹೋಗಿತ್ತು. ಬಿಟ್ಟ ವರ್ಷಗಳನ್ನೂ ಸೇರಿಸಿ, ಸರಾಸರಿಯಲ್ಲಿ ಯಾವ ದೇಶಕ್ಕೆ ಎಷ್ಟು ತೂಕ ಎಂಬುದನ್ನೂ ಬದಲಿಸಿ, ತನ್ನ ಇಬ್ಬರು ಮೇಷ್ಟ್ರ ಜೊತೆ 2013ರಲ್ಲಿ ಪ್ರಕಟಿಸಿದ. ಸಾಲ ಶೇ. 90 ದಾಟಿದ ದೇಶಗಳ ಸರಾಸರಿ ಬೆಳವಣಿಗೆ ಮೈನಸ್ ಶೇ. 0.1 ಇದ್ದದ್ದು ಶೇ. 2.2 ಆಯಿತು. ಎಕ್ಸೆಲ್ ತಪ್ಪನ್ನು ಇಬ್ಬರೂ ಒಪ್ಪಿಕೊಂಡರು. ಸಾಲ ಜಾಸ್ತಿಯಾದರೆ ಬೆಳವಣಿಗೆ ಕುಗ್ಗುತ್ತದೆ ಎಂಬ ಮಾತನ್ನು ಮಾತ್ರ ಬಿಡಲಿಲ್ಲ. ಆ ವಾದ ಇನ್ನೂ ನಡೆದಿದೆ.

ನಮ್ಮಲ್ಲೂ ಬಿಡಿಸದ ಗಂಟುಗಳಿವೆ. ಒಂದನ್ನು ಹೇಳುತ್ತೇನೆ, ನಿಮ್ಮ ಮಗಳಿಗೆ ಇದು ಗೊತ್ತಿರುತ್ತದೆ. ಹಣಕಾಸನ್ನು ಶಿಸ್ತಿನಲ್ಲಿಡುವ ಕಾಯ್ದೆಯನ್ನು ರಾಜ್ಯಗಳಲ್ಲೇ ಮೊದಲು ಮಾಡಿದ್ದು ಕರ್ನಾಟಕ, 2002ರಲ್ಲಿ. ಸಾಲದಲ್ಲಿ ಮುಳುಗಿದ ರಾಜ್ಯಗಳೂ ಇವೆ. ಆದರೂ ಹರಾಜಿನಲ್ಲಿ ಇಬ್ಬರ ಬಡ್ಡಿಗೂ ಅಂಥಾ ವ್ಯತ್ಯಾಸ ಇರುವುದಿಲ್ಲ. ಒಳ್ಳೆ ಹತ್ತಿಗೂ ನೆನೆದ ಹತ್ತಿಗೂ ಹೆಚ್ಚುಕಡಿಮೆ ಒಂದೇ ದರ ಹಾಕಿದ ಹಾಗೆ. ರಾಜ್ಯದ ಸಾಲಕ್ಕೆ ಕೇಂದ್ರ ಜಾಮೀನು ಬರೆದುಕೊಟ್ಟಿಲ್ಲ. ಆದರೆ ಹೇಗಿದ್ದರೂ ಕೇಂದ್ರ ಮುಳುಗಲು ಬಿಡುವುದಿಲ್ಲ ಎಂದು ಕೊಳ್ಳುವವರು ನಂಬಿದ್ದಾರಾ? ಶಿಸ್ತಿನಲ್ಲಿರುವ ರಾಜ್ಯದ ಜನ ಇದರಿಂದ ಕಳೆದುಕೊಳ್ಳುತ್ತಿದ್ದಾರಾ? ಅಥವಾ ಬಡ ರಾಜ್ಯಗಳಿಗೆ ಇದು ಬೇಕೇ ಬೇಕಾದ ಆಸರೆಯಾ? ಹಿಂದುಳಿದವರು ಎಂದು ಸಂವಿಧಾನದ 371ಜೆ ಕಲಮಿನ ಅಡಿ ವಿಶೇಷ ಸ್ಥಾನ ಪಡೆದ ನಮ್ಮ ಕಡೆಯ ಹುಡುಗಿ ಈ ಕೊನೆಯ ಪ್ರಶ್ನೆಯನ್ನು ಬೇರೆಯವರಿಗಿಂತ ಬೇರೆ ಥರ ನೋಡುತ್ತಾಳೆ ಎಂದು ನನ್ನ ನಂಬಿಕೆ.

ಖರ್ಚಿನ ಮಾತು. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಇದೆ, 2023ರ ಜನವರಿಯಿಂದ ಈ ದರ. ಬೆಂಗಳೂರಿನಲ್ಲಿ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಐಸೆಕ್ ಎಂಬ ಸಂಶೋಧನಾ ಸಂಸ್ಥೆ ಇದೆ. ಮುಂಬೈಯಲ್ಲಿ ರಿಸರ್ವ್ ಬ್ಯಾಂಕೇ ಸ್ಥಾಪಿಸಿದ ಇಂದಿರಾ ಗಾಂಧಿ ಅಭಿವೃದ್ಧಿ ಸಂಶೋಧನಾ ಸಂಸ್ಥೆ ಇದೆ. ಸುಲಭ ಅಂತ ಹೇಳಲಾರೆ. ವರ್ಷಗಟ್ಟಲೆ ಅಂಕಿಗಳ ಮುಂದೆ ಕೂರಬೇಕು. ಬರೆದದ್ದು ವಾಪಸು ಬರುತ್ತದೆ. ಕೆಲಸ ಸಿಗುವುದು ತಡ ಆಗಬಹುದು. ಆ ದಿನಗಳಲ್ಲಿ ಮನೆಯಿಂದ ‘ಸುಮ್ನೆ ವಾಪಸು ಬಾ’ ಎಂಬ ಫೋನು ಹೋಗದಿದ್ದರೆ ಅರ್ಧ ಕಷ್ಟ ಕಳೆದಂತೆ.

ಇನ್ನು ಅವಳಿಗೆ ಏನು ಹೇಳಲಿ ಅಂದಿರಲ್ಲ. ಹೇಳುವುದಕ್ಕಿಂತ ಮೊದಲು ಒಂದು ಕೆಲಸ ಮಾಡಿ. ಮಂಗಳವಾರ ಸಂಜೆ ಅವಳ ಪಕ್ಕ ಕೂತು ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲಿ ಆ ದಿನದ ಹರಾಜಿನ ಫಲಿತಾಂಶ ತೆಗೆಸಿ. ಪ್ರತಿ ವಾರ ಕರ್ನಾಟಕ ಇರುವುದಿಲ್ಲ, ಇದ್ದ ವಾರ ನೋಡಿ. ನಮ್ಮ ರಾಜ್ಯದ ಬಡ್ಡಿಯನ್ನೂ ಬೇರೊಂದು ರಾಜ್ಯದ ಬಡ್ಡಿಯನ್ನೂ ಜೋಡಿಯಾಗಿ ಇಟ್ಟು, ‘ಇಷ್ಟೇ ವ್ಯತ್ಯಾಸ ಯಾಕೆ?’ ಅಂತ ಅವಳನ್ನೇ ಕೇಳಿ. ಅವಳು ಏನು ಹೇಳಿದಳು ಅಂತ ನನಗೂ ಒಂದು ಕಾಗದ ಬರೆಯಿರಿ.